ಕಲ್ಕತ್ತೆಯಿಂದ ಬಂದ ಕಲಂ

ಹಿಂದಿನ ಸಲ ನಮ್ಮ ಕೂಟದ ಸಭೆ ಮುಗಿದು ಕಾಫಿ ಕುಡಿಯುವಾಗ ಸಲಿಂಗಪ್ರೇಮಿಗಳ ಮಾತು ಬಂತು. "ಇದೆಲ್ಲ ಪಶ್ಚಿಮದಿಂದ ಬಂದ ಗೀಳು ಕಣ್ರೀ" ಎಂದರು ಹಿರಿಯರೊಬ್ಬರು. ನಾನು ಸುಮ್ಮನಿದ್ದೆ. ಕೇಳಿಸಿಕೊಂಡವರಲ್ಲಿ ಯಾರಿಗಾದರೂ ಆ ಮಾತು ಚುಚ್ಚಿರಬಹುದು ಎಂದು ಹೊಳೆದದ್ದು ಮನೆಗೆ ಬಂದ ಮೇಲೆ. ಅಂದು ಹೇಳದೆ ಉಳಿಸಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ.

ಪಶ್ಚಿಮದಿಂದ ಬಂದದ್ದು ಕಾನೂನು. ಮೆಕಾಲೆ 1837ರಲ್ಲಿ ಕರಡು ಸಿದ್ಧಪಡಿಸಿದ ಭಾರತೀಯ ದಂಡ ಸಂಹಿತೆ ಅಂಗೀಕಾರವಾದದ್ದು 1860ರಲ್ಲಿ. ಅದರ 377ನೇ ಕಲಂ 'ಪ್ರಕೃತಿಗೆ ವಿರುದ್ಧವಾದ' ಸಂಭೋಗವನ್ನು ಅಪರಾಧವಾಗಿಸಿತು. ನಾವಿರುವ ಸಿಂಗಪುರ 1867ರವರೆಗೆ ಕಲ್ಕತ್ತೆಯ ಆಡಳಿತದಲ್ಲಿತ್ತಲ್ಲ, ಅದೇ ಸಂಹಿತೆ ಹೆಚ್ಚುಕಡಿಮೆ ಇಡಿಯಾಗಿ 1872ರಲ್ಲಿ ಇಲ್ಲೂ ಜಾರಿಗೆ ಬಂತು, ಕಲಮುಗಳ ಸಂಖ್ಯೆಯ ಸಮೇತ. ಇಲ್ಲಿ ವಂಚನೆಗೆ ಇಂದಿಗೂ 420! ಭಾರತದಲ್ಲೇ 2024ರ ಜುಲೈಯಿಂದ ಆ ನಂಬರ್ ಹೋಯಿತು.

ಇಂಗ್ಲೆಂಡ್ 1885ರಲ್ಲಿ ಇನ್ನೊಂದು ಕಲಂ ಮಾಡಿತು. ಗಂಡಸರಿಬ್ಬರ ನಡುವಿನ ಯಾವುದೇ 'ಅಸಭ್ಯ' ವರ್ತನೆಗೆ, ಅದು ಮನೆಯೊಳಗೇ ನಡೆದರೂ, ಎರಡು ವರ್ಷ ಸೆರೆ. ಆಸ್ಕರ್ ವೈಲ್ಡ್ 1895ರಲ್ಲಿ ಜೈಲಿಗೆ ಹೋದದ್ದು ಇದರಿಂದ. ಅಲನ್ ಟ್ಯೂರಿಂಗ್‌ಗೆ 1952ರಲ್ಲಿ ಶಿಕ್ಷೆಯಾದದ್ದೂ ಇದರಿಂದಲೇ. ಜೈಲು ತಪ್ಪಿಸಿಕೊಳ್ಳಲು ಆತ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಎರಡು ವರ್ಷದಲ್ಲಿ ತೀರಿಕೊಂಡ. ಎಂ.ಎಸ್. ಓದುವಾಗ ಟ್ಯೂರಿಂಗ್ ಮಷೀನ್ ಬಗ್ಗೆ ಎಷ್ಟೋ ಪಾಠ ಕೇಳಿದೆ, ಈ ಸಂಗತಿ ಮಾತ್ರ ಯಾರೂ ಹೇಳಲಿಲ್ಲ.

ಆ ಕಲಂ 1938ರಲ್ಲಿ 377ಎ ಎಂಬ ಹೆಸರಿನಲ್ಲಿ ಸಿಂಗಪುರಕ್ಕೆ ಬಂತು. ಇಂಗ್ಲೆಂಡಿನಲ್ಲಿ 1967ರಲ್ಲಿ, 21 ದಾಟಿದವರ ಖಾಸಗಿ ಬದುಕಿನ ಮಟ್ಟಿಗೆ, ಅದು ಸಡಿಲವಾಯಿತು. ಮೂಲದಲ್ಲಿ ತಿದ್ದಿದರೂ ಕಾಪಿ ಮಾಡಿದ ಕಡೆಯಲ್ಲೆಲ್ಲ ಹಳೆಯ ಕೋಡ್ ಓಡುತ್ತಲೇ ಇರುವುದು ನಮ್ಮ ಕಸುಬಿನವರಿಗೆ ಹೊಸದಲ್ಲ. ಸಿಂಗಪುರ 2007ರಲ್ಲಿ 377ನ್ನು ತೆಗೆದು 377ಎ ಉಳಿಸಿಕೊಂಡಿತು. ತಾನಾಗಿ ಜಾರಿ ಮಾಡುವುದಿಲ್ಲ ಎಂದಿತು ಸರ್ಕಾರ. ಇದರಲ್ಲಿ ಔದಾರ್ಯ ಕಂಡವರಿದ್ದಾರೆ, ನನಗೆ ಕಾಣಲಿಲ್ಲ. ಪೊಲೀಸರು ಬಾರದಿದ್ದರೂ ಪುಸ್ತಕದಲ್ಲಿ ನೀವು ಅಪರಾಧಿಯೇ. ಅದನ್ನು ರದ್ದುಮಾಡುವ ಮಸೂದೆ ಸಂಸತ್ತಿನಲ್ಲಿ ಪಾಸಾದದ್ದು 2022ರ ನವೆಂಬರ್ 29ರಂದು. ಅದೇ ದಿನ, ಮದುವೆಯ ವ್ಯಾಖ್ಯೆ ಕೋರ್ಟಿನ ಕೈಗೆ ಸಿಗದಂತೆ ಸಂವಿಧಾನಕ್ಕೂ ತಿದ್ದುಪಡಿಯಾಯಿತು.

ಭಾರತದ ಕಥೆ ನಿಮಗೆ ಗೊತ್ತಿದ್ದದ್ದೇ: 2009ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಗೆಲುವು, 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋಲು, 2018ರ ಸೆಪ್ಟೆಂಬರ್ 6ರಂದು ಅಲ್ಲೇ ಬಿಡುಗಡೆ. ಮದುವೆಯ ಹಕ್ಕು 2023ರಲ್ಲಿ ಸಿಗಲಿಲ್ಲ. ಹೊಸ ನ್ಯಾಯ ಸಂಹಿತೆಯಲ್ಲಂತೂ 377 ಪೂರ್ತಿ ಮಾಯ. ಗಂಡಸಿನ ಮೇಲೆ ಅತ್ಯಾಚಾರವಾದರೆ ಆಸರೆಯಾಗಿದ್ದ ಭಾಗವೂ ಜೊತೆಗೇ ಹೋಯಿತು.

ವಾರಾಂತ್ಯಕ್ಕೆ ನಾವು ಸೇತುವೆ ದಾಟಿ ಜೋಹೋರ್‌ಗೆ ಹೋಗುತ್ತೇವಲ್ಲ, ಆ ದಡದಲ್ಲಿ, ಮಲೇಷ್ಯಾದ ದಂಡ ಸಂಹಿತೆಯಲ್ಲಿ, 377ರ ಸಂತತಿ ಇನ್ನೂ ಇದೆ. ಶಿಕ್ಷೆ 20 ವರ್ಷದವರೆಗೆ ಸೆರೆ, ಮೇಲೆ ಛಡಿಯೇಟು.