ಮಾನಿಟರ್ ಕ್ಯಾಲಿಬ್ರೇಷನ್

ಕಂಪ್ಯೂಟರ್ ಪರದೆಯ ಬಿಳಿ, ಬೂದು, ಕಪ್ಪುಗಳಲ್ಲಿ ಬೇರೆ ಬಣ್ಣದ ಛಾಯೆ ಬೆರೆಯದಂತೆ ಪರದೆಯನ್ನು ಗೊತ್ತಾದ ಅಳತೆಗೆ ಹೊಂದಿಸುವ ಕ್ರಮ. ಕೆಂಪು, ಹಸಿರು, ನೀಲಿ ಮೂರಕ್ಕೂ 128 ಎಂದು ಕೊಟ್ಟರೆ ಅಚ್ಚ ಬೂದು ಕಾಣಬೇಕು. ಅದು ಗುಲಾಬಿಗೋ ಹಸಿರಿಗೋ ವಾಲಿದರೆ ಆ ಪರದೆಯ ಉಳಿದ ಬಣ್ಣಗಳನ್ನೂ ನಂಬುವಂತಿಲ್ಲ.

ಇದರ ಬುನಾದಿ ಕಂಪ್ಯೂಟರಿಗಿಂತ ಹಳೆಯದು. ಬಣ್ಣವನ್ನು ಅಂಕಿಗಳಲ್ಲಿ ಹೇಳುವ ಪದ್ಧತಿಯನ್ನು ಸಿಐಇ ಎಂಬ ಅಂತರರಾಷ್ಟ್ರೀಯ ಆಯೋಗ 1931ರಲ್ಲಿ ರೂಪಿಸಿತು. ಹಗಲು ಬೆಳಕಿನ ಮಾನಕವಾದ ಡಿ65, ಅಂದರೆ ಸುಮಾರು 6500 ಕೆಲ್ವಿನ್‌ನ ಬಿಳಿ, ಬಂದದ್ದು 1960ರ ದಶಕದಲ್ಲಿ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಬಳಸಿದ ಪಾಲ್ ಎಂಬ ಪ್ರಸಾರ ಪದ್ಧತಿಯ ಬಿಳಿಯೂ ಇದೇ. ಆದರೆ ಎಷ್ಟೋ ಸಿಆರ್‌ಟಿ ಮಾನಿಟರುಗಳು ಕಾರ್ಖಾನೆಯಿಂದ 9300 ಕೆಲ್ವಿನ್‌ಗೆ ಹೊಂದಿಸಿಯೇ ಬರುತ್ತಿದ್ದವು. ಕೆಲ್ವಿನ್ ಅಂಕಿ ಏರಿದಷ್ಟೂ ಬಿಳಿಗೆ ನೀಲಿ ಬೆರೆಯುತ್ತದೆ; ನೀಲಿ ಬೆರೆತ ಬಿಳಿ ಕಣ್ಣಿಗೆ ಹೆಚ್ಚು ಬೆಳ್ಳಗೆ ಕಾಣುತ್ತದೆ. ಒಗೆದ ಪಂಚೆಗೆ ನೀಲಿ ಹಾಕುವುದೂ ಅದಕ್ಕೇ.

1993ರಲ್ಲಿ ಆಪಲ್ ಕಂಪನಿಯ ಬಣ್ಣ ನಿರ್ವಹಣೆಯ ತಂತ್ರಾಂಶ ಕಲರ್‌ಸಿಂಕ್ ಬಂತು. ಅದೇ ವರ್ಷ ಹಲವು ಕಂಪನಿಗಳು ಸೇರಿ ಐಸಿಸಿ ಒಕ್ಕೂಟ ಕಟ್ಟಿದವು. ಪರದೆಯ ಗುಣವನ್ನು ಒಂದು ಪ್ರೊಫೈಲ್ ಫೈಲಿನಲ್ಲಿ ಬರೆದಿಡುವ ರೂಢಿ ಅಲ್ಲಿಂದ ಹರಡಿತು. ಪರದೆಗಳಿಗೆಲ್ಲ ಒಂದೇ ಬಣ್ಣದ ಅಳತೆ ಇರಲೆಂದು ಎಸ್‌ಆರ್‌ಜಿಬಿ ಮಾನಕವನ್ನು ಎಚ್‌ಪಿ ಮತ್ತು ಮೈಕ್ರೋಸಾಫ್ಟ್ 1996ರಲ್ಲಿ ಮುಂದಿಟ್ಟವು. ಫೋಟೋಶಾಪ್ ಜೊತೆ ಬರುತ್ತಿದ್ದ ಅಡೋಬಿ ಗಾಮಾ ಪರದೆಯನ್ನು ಕಣ್ಣಂದಾಜಿನಲ್ಲಿ ಹೊಂದಿಸುವ ಉಪಾಯ. ಕಣ್ಣು ಯಾವ ಬಿಳಿಗಾದರೂ ನಿಮಿಷಗಳಲ್ಲಿ ಒಗ್ಗಿಕೊಳ್ಳುವುದರಿಂದ ಈ ಉಪಾಯವನ್ನು ಪೂರ್ತಿ ನೆಚ್ಚುವುದು ಕಷ್ಟ. ಆ ಜಾಗಕ್ಕೆ ಬಂದದ್ದು ಪರದೆಗೆ ಆನಿಸಿಡುವ ಕಲರಿಮೀಟರ್: ಒಂದೊಂದೇ ಬೂದು ಚೌಕ ಮೂಡುತ್ತಾ ಹೋಗುತ್ತದೆ, ಮೀಟರ್ ಅಳೆಯುತ್ತದೆ, ತಂತ್ರಾಂಶ ವಾಲಿಕೆಯನ್ನು ತಿದ್ದುತ್ತದೆ. ಗ್ರೇಮ್ ಗಿಲ್ ಬರೆದ ಆರ್ಗಿಲ್ ಎಂಬ ಮುಕ್ತ ತಂತ್ರಾಂಶದಿಂದ ಈ ಕೆಲಸ ಮೀಟರಿನ ಖರ್ಚಿನಲ್ಲೇ ಮುಗಿಯುತ್ತದೆ.

ದಾವಣಗೆರೆ, ಹರಿಹರದಂಥ ಊರುಗಳ ಫೋಟೋ ಸ್ಟುಡಿಯೋಗಳಲ್ಲಿ ಇದರ ನಿಜವಾದ ಪರೀಕ್ಷೆ ಮದುವೆ ಆಲ್ಬಂ. ಅರಿಶಿನದ ಹಳದಿ ತುಸು ಹೆಚ್ಚುಕಡಿಮೆಯಾದರೆ ಯಾರೂ ಕೇಳರು. ಮದುಮಗನ ಬಿಳಿ ಪಂಚೆ ಹಸಿರು ಹೊಡೆದರೆ ಮನೆಮಂದಿಯೆಲ್ಲ ಗುರುತಿಸುತ್ತಾರೆ. ಅಚ್ಚಾದ ಹಾಳೆಯನ್ನು ನೋಡಲು ಮುದ್ರಣದವರ ಮಾನಕ 5000 ಕೆಲ್ವಿನ್ ಬೆಳಕು, ಅಂಗಡಿಯ ಟ್ಯೂಬ್‌ಲೈಟ್ ಬಹುಮಟ್ಟಿಗೆ 6500ರದು. ಹೀಗಾಗಿ ಸರಿಯಾಗಿ ಹೊಂದಿಸಿದ ಪರದೆಗೂ ಪ್ರಿಂಟಿಗೂ ತಾಳೆಯಾಗದೆ ಹೋಗಬಹುದು. ಮೀಟರ್ ಇಲ್ಲದವರು ಫೋಟೋ ಮುದ್ರಿಸುವ ಲ್ಯಾಬಿನಿಂದ ಬಂದ ಪ್ರಿಂಟನ್ನು ಪಕ್ಕಕ್ಕಿಟ್ಟು ಪರದೆಯ ಬಣ್ಣ ತಿರುಗಿಸುವುದುಂಟು. ಆಗ ಲ್ಯಾಬಿನ ತಪ್ಪೂ ಪರದೆಯೊಳಗೆ ಸೇರುತ್ತದೆ. ಲ್ಯಾಬ್ ಬದಲಾಯಿಸಿದ ದಿನ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು.