ಕಂಡೆನ್ಸರ್: ಹೆಸರು ಒಂದು, ಉಪಕರಣ ಹಲವು

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಐಟಿಐ, ಪಾಲಿಟೆಕ್ನಿಕ್ ಅಥವಾ ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರುವ ಮಕ್ಕಳನ್ನು ಗೊಂದಲಕ್ಕೀಡುಮಾಡುವ ಪದಗಳಲ್ಲಿ ‘ಕಂಡೆನ್ಸರ್’ ಒಂದು. ರಸಾಯನ ಪ್ರಯೋಗಾಲಯದಲ್ಲಿ ಅದು ಗಾಜಿನ ನಳಿಗೆ, ಫ್ಯಾನ್ ರಿಪೇರಿ ಅಂಗಡಿಯಲ್ಲಿ ಎರಡು ತಂತಿಗಳುಳ್ಳ ಸಣ್ಣ ಡಬ್ಬಿ, ಫ್ರಿಜ್ಜಿನ ಹಿಂಬದಿಯಲ್ಲಿ ಕಪ್ಪು ಕೊಳವೆಗಳ ಜಾಲ, ಸೂಕ್ಷ್ಮದರ್ಶಕದಲ್ಲಿ ಮಸೂರ. ಈ ತೊಡಕು ಇಂಗ್ಲಿಷ್ ಮಾಧ್ಯಮದ ಮಗುವಿಗೂ ತಪ್ಪಿದ್ದಲ್ಲ. ಆದರೆ ನಮ್ಮ ಮಗು ಅದನ್ನು ತನ್ನ ಮಾಧ್ಯಮದ ಕೊರತೆಯೆಂದೇ ಭಾವಿಸಿ ಪ್ರಶ್ನೆ ಕೇಳಲು ಹಿಂಜರಿಯುವುದನ್ನು ನಾವು ಕಾಣುತ್ತಲೇ ಬಂದಿದ್ದೇವೆ.

ಪದದ ಮೂಲಾರ್ಥ ದಟ್ಟಗೊಳಿಸುವುದು ಎಂದು. ದಟ್ಟವಾಗುವುದು ಯಾವುದು ಎಂದು ಕೇಳಿಕೊಂಡರೆ ಗೊಂದಲದ ಬಹುಪಾಲು ಕರಗುತ್ತದೆ. ಅದು ಆವಿಯಾಗಿರಬಹುದು, ವಿದ್ಯುದಾವೇಶವಾಗಿರಬಹುದು, ಬೆಳಕಾಗಿರಬಹುದು.

ಮೊದಲು ಆವಿಯ ಮಾತು. 100 ಡಿಗ್ರಿ ಸೆಲ್ಸಿಯಸ್‌ನ ಒಂದು ಕಿಲೋಗ್ರಾಂ ಹಬೆ ಅದೇ ಉಷ್ಣತೆಯ ನೀರಾಗಬೇಕಾದರೆ ಸುಮಾರು 2257 ಕಿಲೋಜೂಲ್ ಗುಪ್ತೋಷ್ಣವನ್ನು ಬಿಟ್ಟುಕೊಡಬೇಕು. ಆ ಉಷ್ಣವನ್ನು ಹೊತ್ತೊಯ್ಯುವ ವ್ಯವಸ್ಥೆಯೇ ಸಾಂದ್ರಕ. ಪ್ರಯೋಗಾಲಯದ ಲೀಬಿಗ್ ಸಾಂದ್ರಕದಲ್ಲಿ ಒಂದರೊಳಗೊಂದು ಎರಡು ಗಾಜಿನ ನಳಿಗೆಗಳಿರುತ್ತವೆ. ಒಳಗೆ ಆವಿ, ಹೊರಗೆ ತಣ್ಣೀರು. ಜರ್ಮನ್ ವಿಜ್ಞಾನಿ ಲೀಬಿಗ್ ಇದನ್ನು ಬಳಕೆಗೆ ತಂದು ಪ್ರಸಿದ್ಧಗೊಳಿಸಿದನೇ ಹೊರತು, ಇಂತಹ ರಚನೆಯನ್ನು ವೈಗೆಲ್ ಎಂಬಾತ 1771ರಲ್ಲಿಯೇ ವಿವರಿಸಿದ್ದನು. ತಣ್ಣೀರನ್ನು ಕೆಳತುದಿಯಿಂದ ಏಕೆ ಬಿಡಬೇಕು? ಮೌಖಿಕ ಪರೀಕ್ಷೆಯಲ್ಲಿ ತಪ್ಪದೆ ಕೇಳುವ ಪ್ರಶ್ನೆಯಿದು. ಮೇಲಿನಿಂದ ಬಿಟ್ಟ ನೀರು ಹೊರನಳಿಗೆಯನ್ನು ಪೂರ್ತಿ ತುಂಬದೆ ಜಾರಿಹೋಗಬಹುದು. ಕೆಳಗಿನಿಂದ ಏರಿದರೆ ನಳಿಗೆ ತುಂಬಿಕೊಳ್ಳುತ್ತದೆ. ಜೊತೆಗೆ ಅಳಿದುಳಿದ ಆವಿಗೆ ಕೊನೆಯ ಹಂತದಲ್ಲಿ ಅತ್ಯಂತ ತಣ್ಣನೆಯ ನೀರು ಎದುರಾಗುತ್ತದೆ. ಒಳನಳಿಗೆಗೆ ಗುಂಡುಗುಂಡಾದ ಉಬ್ಬುಗಳಿದ್ದರೆ ಅದು ಆಲಿನ್ ಸಾಂದ್ರಕ. ನೀಲಗಿರಿಯ ನಮ್ಮ ಓದುಗರಿಗೆ ಇದಾವುದೂ ಹೊಸತಲ್ಲ: ನೀಲಗಿರಿ ಎಣ್ಣೆಯ ಭಟ್ಟಿಯಲ್ಲಿ ಎಲೆಗಳಿಂದ ಎದ್ದ ಹಬೆಯನ್ನು ತಣ್ಣೀರಿನಲ್ಲಿ ಮುಳುಗಿದ ಕೊಳವೆಯ ಮೂಲಕ ಹಾಯಿಸುವುದೂ ಇದೇ ತತ್ತ್ವ.

ಯಂತ್ರಶಾಸ್ತ್ರದಲ್ಲಿ ಸಾಂದ್ರಕದ ಮಹಿಮೆ ಇನ್ನೂ ದೊಡ್ಡದು. 1712ರ ನ್ಯೂಕೋಮನ್ ಎಂಜಿನ್ನಿನಲ್ಲಿ ಹಬೆಯನ್ನು ನೀರಾಗಿಸಲು ಸಿಲಿಂಡರಿನೊಳಗೇ ತಣ್ಣೀರು ಚಿಮ್ಮಿಸುತ್ತಿದ್ದರು. ಪ್ರತಿ ಹೊಡೆತಕ್ಕೂ ಸಿಲಿಂಡರು ತಣಿಯುತ್ತಿತ್ತು, ಮತ್ತೆ ಅದನ್ನು ಕಾಯಿಸಲು ಕಲ್ಲಿದ್ದಲು ವ್ಯರ್ಥವಾಗುತ್ತಿತ್ತು. ಹಬೆಯನ್ನು ಬೇರೊಂದು ಪಾತ್ರೆಗೆ ಒಯ್ದು ತಣಿಸಿದರೆ ಸಿಲಿಂಡರು ಸದಾ ಬಿಸಿಯಾಗಿರುವುದೆಂದು ಜೇಮ್ಸ್ ವಾಟ್‌ಗೆ 1765ರಲ್ಲಿ ಹೊಳೆಯಿತು. 1769ರಲ್ಲಿ ಆತ ಪೇಟೆಂಟ್ ಪಡೆದನು. ವಾಟ್ ಹಬೆಯಂತ್ರವನ್ನು ‘ಕಂಡುಹಿಡಿದನು’ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುವ ಬದಲು ಈ ಪಾತ್ರೆಯ ಕಥೆಯನ್ನು ಹೇಳುವುದು ಲೇಸೆಂದು ನಮ್ಮ ಅಭಿಪ್ರಾಯ. ಇಂದಿನ ಉಷ್ಣವಿದ್ಯುತ್ ಸ್ಥಾವರದಲ್ಲಿ ಟರ್ಬೈನನ್ನು ದಾಟಿದ ಹಬೆ ಸಾವಿರಾರು ಕೊಳವೆಗಳ ಮೇಲೆ ಹರಿದು ನೀರಾಗುತ್ತದೆ; ಕೊಳವೆಗಳೊಳಗೆ ತಣ್ಣೀರು ಓಡುತ್ತಿರುತ್ತದೆ. ಸಾಮಾನ್ಯ ಒತ್ತಡದಲ್ಲಿ 1600 ಲೀಟರಿಗೂ ಮಿಕ್ಕಿದ ಹಬೆ ನೀರಾದರೆ ಒಂದೇ ಲೀಟರು. ಹೀಗೆ ಕುಗ್ಗುವುದರಿಂದ ಅಲ್ಲಿ ನಿರ್ವಾತದ ಸ್ಥಿತಿ ಏರ್ಪಟ್ಟು ಟರ್ಬೈನಿಗೆ ಹೆಚ್ಚಿನ ಶಕ್ತಿ ದೊರೆಯುತ್ತದೆ. ಇದಕ್ಕೆ ಅಪಾರ ನೀರು ಬೇಕು. ರಾಯಚೂರು ಸ್ಥಾವರವು ಕೃಷ್ಣೆಯ ದಡದಲ್ಲಿರುವುದಕ್ಕೂ, ಸೊಲ್ಲಾಪುರದ ಸ್ಥಾವರಕ್ಕೆ ಉಜನಿ ಜಲಾಶಯದಿಂದ ನೀರು ತರುವುದಕ್ಕೂ ಇದು ಮುಖ್ಯ ಕಾರಣ.

ಫ್ರಿಜ್ಜಿನಲ್ಲಿ ಒತ್ತಡಕ್ಕೊಳಗಾಗಿ ಬಿಸಿಯಾದ ಅನಿಲವು ಹಿಂದಿನ ಕೊಳವೆಗಳಲ್ಲಿ ಉಷ್ಣ ಬಿಟ್ಟು ದ್ರವವಾಗುತ್ತದೆ. ಆದ್ದರಿಂದ ಫ್ರಿಜ್ಜನ್ನು ಗೋಡೆಗೆ ತಾಗಿಸಿ ಇಡಬಾರದು.

ಇನ್ನು ವಿದ್ಯುತ್ತಿನ ಕಂಡೆನ್ಸರ್. ಇಲ್ಲಿ ಆವಿಯೂ ಇಲ್ಲ, ತಣಿಸುವಿಕೆಯೂ ಇಲ್ಲ. ಎರಡು ಲೋಹದ ಹಾಳೆಗಳ ನಡುವೆ ವಿದ್ಯುತ್ತು ಹರಿಯದ ಪದರವೊಂದಿರುತ್ತದೆ. ಹಾಳೆಗಳಲ್ಲಿ ವಿದ್ಯುದಾವೇಶ ಸಂಗ್ರಹವಾಗುತ್ತದೆ. 1745-46ರ ಲೈಡನ್ ಜಾಡಿ ಇದರ ಪೂರ್ವಜ. ಕಂಡೆನ್ಸರ್ ಎಂಬ ಹೆಸರನ್ನು ಇದಕ್ಕೆ 1782ರಲ್ಲಿ ಅಂಟಿಸಿದವನು ಇಟಲಿಯ ವೋಲ್ಟಾ. ಈಗಿನ ಇಂಗ್ಲಿಷ್ ಪಠ್ಯಪುಸ್ತಕಗಳು ಇದನ್ನು ಕೆಪಾಸಿಟರ್ ಎನ್ನುತ್ತವೆ. ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಕನ್ನಡವು ಇವೆರಡನ್ನೂ ಚೆನ್ನಾಗಿ ಬೇರ್ಪಡಿಸಿದೆ: ಆವಿಯದು ಸಾಂದ್ರಕ, ವಿದ್ಯುತ್ತಿನದು ಧಾರಕ. ಹೊಸೂರು, ತಾಳವಾಡಿಯ ಮಕ್ಕಳು ತಮಿಳು ಪುಸ್ತಕದಲ್ಲಿ ಕಾಣುವ ‘ಮಿನ್‌ತೇಕ್ಕಿ’ ಎಂದರೂ ಈ ಧಾರಕವೇ. ಟಿಪ್ಪಣಿ ಪುಸ್ತಕದ ಅಂಚಿನಲ್ಲಿ ಮೂರೂ ಹೆಸರುಗಳನ್ನು ಒಟ್ಟಿಗೆ ಬರೆದಿಟ್ಟುಕೊಳ್ಳಲಿ.

ಮನೆಯ ಫ್ಯಾನಿನಲ್ಲಿ ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್ ಧಾರಕವಿರುತ್ತದೆ. ಮೈಕ್ರೋಫ್ಯಾರಡ್ ಎಂದರೆ ಫ್ಯಾರಡ್‌ನ ಹತ್ತು ಲಕ್ಷದ ಒಂದು ಭಾಗ. ಒಂದೇ ಫೇಸಿನ ಮೋಟಾರು ತಾನಾಗಿ ಹೊರಡಲಾರದು. ಎರಡನೆಯ ಸುರುಳಿಯಲ್ಲಿನ ವಿದ್ಯುತ್ತಿನ ಏರಿಳಿತವು ಮೊದಲನೆಯದಕ್ಕಿಂತ ಬೇರೆ ಸಮಯಕ್ಕೆ ಆಗುವಂತೆ ಮಾಡಿ, ತಿರುಗುವ ಕಾಂತಕ್ಷೇತ್ರವನ್ನು ಹುಟ್ಟಿಸುವುದು ಧಾರಕದ ಕೆಲಸ. ಫ್ಯಾನು ಗುಂಯ್‌ಗುಟ್ಟುತ್ತ ನಿಂತಿದ್ದು, ಕೋಲಿನಿಂದ ತಳ್ಳಿದರೆ ಮಾತ್ರ ತಿರುಗಿದರೆ ಧಾರಕ ಕೆಟ್ಟಿರುವ ಸಂಭವ ಹೆಚ್ಚು. ಪಾಲಕರು ಒಂದನ್ನು ಗಮನಿಸಬೇಕು: ಸ್ವಿಚ್ಚು ಆರಿಸಿದ ಮೇಲೂ ಧಾರಕದಲ್ಲಿ ಆವೇಶ ಉಳಿದಿರಬಹುದು. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿರುವ ದೊಡ್ಡ ಧಾರಕಗಳನ್ನು ಮಕ್ಕಳು ಮುಟ್ಟಕೂಡದು.

ಕೊನೆಯದು ಬೆಳಕಿನದು. ಸೂಕ್ಷ್ಮದರ್ಶಕದ ವೇದಿಕೆಯ ಕೆಳಗಿರುವ ಮಸೂರಗಳ ಜೋಡಣೆಯು ಬೆಳಕನ್ನು ಒಗ್ಗೂಡಿಸಿ ಗಾಜುಪಟ್ಟಿಯ ಮೇಲೆ ಬೀಳಿಸುತ್ತದೆ. ಇದರ ಪ್ರಸಿದ್ಧ ಮಾದರಿ ಜರ್ಮನಿಯ ಅರ್ನ್‌ಸ್ಟ್ ಆಬೆಯದು. ಈರುಳ್ಳಿ ಸಿಪ್ಪೆಯ ಜೀವಕೋಶಗಳು ಮಸುಕಾಗಿ ಕಂಡರೆ ಮೇಲಿನ ಮಸೂರವನ್ನಷ್ಟೇ ತಿರುಗಿಸುತ್ತ ಕೂರದೆ, ಈ ಕೆಳಗಿನದನ್ನೂ ಏರಿಸಿ ಇಳಿಸಿ ನೋಡಬೇಕು.