ಲೇಹ್‌ನಲ್ಲಿ ಇಳಿದ ಮೊದಲ ಡಕೋಟ

ದೆಹಲಿಯಿಂದ ಲೇಹ್‌ಗೆ ಹಾರುವವರು ಈಗ ಕಿಟಕಿ ಸೀಟಿಗೆ ಪೈಪೋಟಿ ನಡೆಸುತ್ತಾರೆ. 1948ರಲ್ಲಿ ಆ ಕಣಿವೆಗೆ ವಿಮಾನದ ದಾರಿಯೇ ಇರಲಿಲ್ಲ. ದಾಳಿಕೋರರು ಲೇಹ್‌ನತ್ತ ಬರುತ್ತಿದ್ದರು. ನೆಲದ ದಾರಿಯಲ್ಲಿ ಸೈನ್ಯ ತಲುಪಲು ವಾರಗಳೇ ಬೇಕು. ಎಂಜಿನಿಯರ್ ಸೋನಂ ನೊರ್ಬು ಊರವರನ್ನು ಕೂಡಿಸಿಕೊಂಡು, 10,000 ಅಡಿಗೂ ಮೇಲೆ, ಮಣ್ಣಿನ ರನ್‌ವೇ ಸಿದ್ಧಮಾಡಿದರು.

ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಅಲ್ಲಿ ಡಕೋಟ ಇಳಿಸಿದರು. ತೆಳು ಗಾಳಿಯಲ್ಲಿ ಎಂಜಿನ್ನಿನ ಬಲ ಕುಗ್ಗುತ್ತದೆ, ನೆಲ ಮುಟ್ಟುವ ವೇಗ ಹೆಚ್ಚುತ್ತದೆ. ವಿಮಾನದೊಳಗೆ ಗಾಳಿಯ ಒತ್ತಡ ಕಾಯುವ ಏರ್ಪಾಡೂ ಇರಲಿಲ್ಲ. ಇಂಥ ಪ್ರಯಾಣಕ್ಕೆ ಜೊತೆಯಾಗಿ ಕುಳಿತವರು ಯಾರು ಗೊತ್ತೇ? ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯ! ಸೇನಾಪತಿಯೇ ಮೊದಲು ಹೋದ ಮೇಲೆ ಇನ್ನಾರು ಹಿಂಜರಿದಾರು? ಬಳಿಕ ಡಕೋಟಗಳು ಗೂರ್ಖಾ ಸೈನಿಕರನ್ನು ಹೊತ್ತು ತಂದವು. ಲೇಹ್ ಉಳಿಯಿತು.